ಕ್ವಾರಂಟೈನಿಗೆ ಬಂದ ಏಳನೇ ಕೋಳಿ

ನಮ್ಮ ಮನೆಗೆ ಕೋಳಿ ಬರುವ ಹದಿನೈದು ದಿನ ಮೊದಲೇ ಕೋಳಿ ಸಾಕಣೆಯ ಪ್ರಮಾಣಪತ್ರ ಬಂದಿತ್ತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ನನ್ನ ಬಿ.ಎಸ್ಸಿ. ಪದವಿಪತ್ರದ ಪಕ್ಕದಲ್ಲಿ, ಅದಕ್ಕಿಂತ ನಾಲ್ಕು ಬೆರಳು ಮೇಲೆ, ಮೊಳೆ ಹೊಡೆದು ತೂಗುಹಾಕಿದರು. ನಾನು ಮೂರು ವರ್ಷ ಕಲಬುರಗಿಗೆ ಓಡಾಡಿ ಪ್ರಾಣಿಶಾಸ್ತ್ರ ಓದಿದ್ದೆ. ಅಪ್ಪ ಒಂದು ಶನಿವಾರ ಹತ್ತೂವರೆಯಿಂದ ಊಟದ ಹೊತ್ತಿನ ತನಕ ಓದಿದ್ದರು. ಊಟ ಚಲೋ ಇತ್ತು ಎಂದೂ ಹೇಳಿದರು. ಕೋಳಿಯದೇ ಇತ್ತಂತೆ.

ಅಪ್ಪನ ಹೆಸರು ದೇವಿಂದ್ರ. ಸೇಡಂನಲ್ಲಿ ಮನೆಮನೆಗೆ ನೀರಿನ ಬಿಲ್ಲು ಹಂಚುವುದು ಅವರ ನೌಕರಿ. ಬಿಲ್ಲು ತಂದವನಿಗೆ ಯಾರೂ ಕುಂದ್ರಿ ಅನ್ನುವುದಿಲ್ಲ. ಹಾಗಾಗಿ ತಾನು ಹೇಳುವುದನ್ನು ನಾಲ್ಕು ಜನ ನಿಂತು ಕೇಳಬೇಕು ಎಂಬ ಆಸೆ ಅವರಿಗೆ ಮೊದಲಿನಿಂದ ಇದೆ. ಕೊರೊನಾ ವರ್ಷ ಆ ಆಸೆ ಕೆಲವು ತಿಂಗಳು ಈಡೇರಿತ್ತು. ಅವರಿಗೆ ಸ್ಟಿಕ್ಕರ್ ಡ್ಯೂಟಿ ಬಿದ್ದಿತ್ತು. ಯಾರ ಮನೆಗೆ ಪುಣೆಯಿಂದ, ಹೈದರಾಬಾದಿನಿಂದ ಜನ ಬಂದರೂ ಅಪ್ಪ ಹೋಗಿ ಬಾಗಿಲಿಗೆ ಕೆಂಪು ಕಾಗದ ಅಂಟಿಸಿ, “ಹದಿನಾಲ್ಕು ದಿನ” ಎಂದು ಹೇಳಿ ಬರುತ್ತಿದ್ದರು. ಉಳಿದ ಕಾಗದದ ಒಂದು ಕಟ್ಟು, ಹಣೆಗೆ ಹಿಡಿಯುವ ಬಂದೂಕಿನಂಥ ಥರ್ಮಾಮೀಟರಿನ ಜೊತೆ, ನಮ್ಮ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಇನ್ನೂ ಬಿದ್ದಿತ್ತು.

ಕೋಳಿ ತಂದವನು ನನ್ನ ಸೋದರಮಾವ ಲಾಲಪ್ಪ. ಚಂದ್ರಂಪಳ್ಳಿ ಡ್ಯಾಮಿನ ಹಿಂದುಗಡೆ ಅವನ ಹೊಲ. ಬುಟ್ಟಿಯಲ್ಲಿ ಆರು ಕೋಳಿ ತುಂಬಿ, ಮೇಲೆ ತನ್ನ ಹಳೇ ಧೋತರ ಬಿಗಿದು, ಚಿಂಚೋಳಿಯಿಂದ ಬಸ್ಸಿನಲ್ಲಿ ಬಂದಿಳಿದ. ಅಪ್ಪ ಬುಟ್ಟಿಯನ್ನು ಅಂಗಳದಲ್ಲೇ ತಡೆದರು. ಒಳಗೆ ಹೋಗುವ ಮೊದಲು ಗುರುತಿಸುವ ಕೆಲಸ ಆಗಬೇಕಂತೆ. ನಾನು ಹೊಸ ರಿಜಿಸ್ಟರ್ ಹಿಡಿದು ನಿಂತೆ. ಮನೆಯಲ್ಲಿ ನನ್ನ ಅಕ್ಷರ ದುಂಡಗಿರುವುದರಿಂದಲೂ ನಾನು ಎದುರು ಮಾತಾಡುವುದಿಲ್ಲವಾದ್ದರಿಂದಲೂ ಇಂಥ ಹುದ್ದೆಗಳು ನನಗೇ ಬರುತ್ತವೆ. ಅವ್ವ ಇದಕ್ಕೆಲ್ಲ ತಲೆ ಹಾಕುವುದಿಲ್ಲ. ಒಂಬತ್ತಕ್ಕೆ ಅಂಗನವಾಡಿಗೆ ಹೋಗಿಬಿಡುತ್ತಾಳೆ.

ಅಪ್ಪ ಮೊದಲನೇ ಕೋಳಿಯನ್ನು ಎತ್ತಿ ಹಿಡಿದು ಇದರ ತಳಿ ಯಾವುದು ಎಂದರು. ಮಾವ ಜವಾರಿ ಎಂದ. ಎರಡನೆಯದಕ್ಕೂ ಜವಾರಿ ಎಂದ. ಆರಕ್ಕೂ ಅದೇ ಉತ್ತರ ಬಂದಾಗ ಅಪ್ಪನ ಮುಖ ಸಪ್ಪಗಾಯಿತು. ತರಬೇತಿಯಲ್ಲಿ ಹನ್ನೊಂದು ತಳಿಯ ಚಿತ್ರ ತೋರಿಸಿದ್ದರು. ಸ್ವಂತ ಹಣೆಬರಹದಲ್ಲಿ ಅದರಲ್ಲಿ ಒಂದಾದರೂ ಇರಬಾರದೇ?

“ಭಾವಾ, ಹುಟ್ಟಿದ್ದು ನಮ್ಮ ಹಿತ್ತಲದಾಗ, ತಿಂದಿದ್ದು ನಮ್ಮ ಜ್ವಾಳ,” ಎಂದ ಮಾವ. “ಜವಾರಿ ಅಲ್ದ ಮತ್ತೇನಾಗ್ಬೇಕ್ರಿ ಅವು?”

ಅಪ್ಪ ಬಿಡಲಿಲ್ಲ. ಬೂದಿ ಬಣ್ಣದ ಒಂದನ್ನು ಬೆಳಕಿಗೆ ಹಿಡಿದು, ಮೊಬೈಲಿನ ಚಿತ್ರಕ್ಕೆ ಹೋಲಿಸಿ, ಇದು ಸಾಮಾನ್ಯ ಕೋಳಿ ಅಲ್ಲ ಎಂದು ಸಾರಿದರು. ಎದುರು ಮನೆಯ ಅಬ್ದುಲ್ ಕರೀಮ್ ಚಾಚಾ ಅಲ್ಲಿಯೇ ನಿಂತಿದ್ದರು. ಅವರು ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಹಸಿರು ಕೆಂಪು ಬಾವುಟ ತೋರಿಸಿ ನಿವೃತ್ತರಾದವರು. ಒಂದು ಚೊಂಬು ನೀರು ತಂದು ಕೋಳಿಯ ಮೇಲೆ ಸುರುವಿದರು. ಚಿಂಚೋಳಿ ರಸ್ತೆಯ ಧೂಳು ಇಳಿದು ಕೋಳಿ ಕೆಂಪಗಾಯಿತು. ಹಾಗಾದರೆ ಎಲ್ಲವನ್ನೂ ತೊಳೆದೇ ನೋಡಬೇಕು ಎಂದು ಅಪ್ಪ ಆರಕ್ಕೂ ಸ್ನಾನ ಮಾಡಿಸಿದರು. ನಾಲ್ಕು ಕೋಳಿ ಬಣ್ಣ ಬದಲಿಸಿದವು. ನಾನು ರಿಜಿಸ್ಟರಿನ ಮೊದಲ ಪುಟ ಹರಿದು ಹಾಕಿ ಎರಡನೆಯ ಪುಟಕ್ಕೆ ಹೋದೆ.

‘ಗುರುತಿನ ಚಿಹ್ನೆ’ ಎಂಬ ಕಾಲಂ ನನಗೆ ಕಷ್ಟ ಕೊಟ್ಟಿತು. ನನ್ನ ಶಾಲೆಯ ದಾಖಲೆಯಲ್ಲಿ ಎಡಗೈ ಮೇಲೆ ಮಚ್ಚೆ ಎಂದಿದೆ. ಕೋಳಿಗೆ ಏನು ಬರೆಯುವುದು? ನಮ್ಮ ಓಣಿಯಲ್ಲಿ ಇದಕ್ಕೊಂದು ಪದ್ಧತಿ ಇದೆ. ಮನೆಯ ಹಳೇ ಸೀರೆಯ ಅಂಚು ಹರಿದು ಕೋಳಿಯ ಕಾಲಿಗೆ ಕಟ್ಟುತ್ತಾರೆ. ಯಾರ ಮನೆಯ ಸೀರೆ ಯಾವುದೆಂದು ಎಲ್ಲರಿಗೂ ಬಾಯಿಪಾಠ ಇರುವುದರಿಂದ ಕೋಳಿಗಾಗಿ ಜಗಳ ಬರುವುದಿಲ್ಲ. ಅಪ್ಪನಿಗೆ ಇದು ವೈಜ್ಞಾನಿಕ ಅನ್ನಿಸಲಿಲ್ಲ. ನನ್ನ ತಲೆಗೂದಲಿನ ರಬ್ಬರ್ ಬ್ಯಾಂಡುಗಳಲ್ಲಿ ಆರು ಬಣ್ಣ ಆರಿಸಿ ಕೋಳಿಗಳಿಗೆ ತೊಡಿಸಿದರು. ನಾನು ಅವತ್ತಿನಿಂದ ಜಡೆಗೆ ದಾರ ಕಟ್ಟಿಕೊಂಡೆ.

ಗುರುತಿನ ನಂತರ ಕ್ವಾರಂಟೈನ್. ಹೊಸ ಕೋಳಿಯನ್ನು ಇಪ್ಪತ್ತೊಂದು ದಿನ ಹಳೇ ಕೋಳಿಗಳಿಂದ ದೂರ ಇಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮಲ್ಲಿ ಹಳೇ ಕೋಳಿ ಇರಲಿಲ್ಲ. ಓಣಿಯಲ್ಲಿ ಇದ್ದಾವಲ್ಲ ಎಂದರು ಅಪ್ಪ, ಇಡೀ ಓಣಿಯ ಜವಾಬ್ದಾರಿ ಹೆಗಲ ಮೇಲೆ ಬಿದ್ದವರ ಹಾಗೆ. ಹಿತ್ತಲಲ್ಲಿ ಶಹಾಬಾದ್ ಫರಸಿಕಲ್ಲುಗಳನ್ನು ನೆಟ್ಟಗೆ ಹೂಳಿ ಗೋಡೆ ಮಾಡಿದರು. ಮೇಲೆ ಬಲೆ ಹಾಕಿದರು, ಮುಂದೆ ತಗಡಿನ ಬಾಗಿಲು, ಬಾಗಿಲಿಗೆ ಚಿಲಕ. ಸುತ್ತ ಸುಣ್ಣದ ಪುಡಿಯ ಗೆರೆ ಎಳೆದರು. ಗೆರೆಯ ಒಳಗೆ ಬೇರೆ ಚಪ್ಪಲಿ, ಹೊರಗೆ ಬೇರೆ. ಕೊನೆಗೆ ಟ್ರಂಕು ತೆಗೆದು ಕೆಂಪು ಕಾಗದ ತಂದು ತಗಡಿನ ಬಾಗಿಲಿಗೆ ಅಂಟಿಸಿದರು. ‘ಈ ಮನೆಯವರು ನಿಗಾವಣೆಯಲ್ಲಿದ್ದಾರೆ. ಭೇಟಿ ನಿಷೇಧಿಸಲಾಗಿದೆ.’ ಸದಸ್ಯರ ಸಂಖ್ಯೆ ಎಂಬಲ್ಲಿ ಆರು ಎಂದು ನನ್ನಿಂದ ತುಂಬಿಸಿದರು.

ಅಜ್ಜಿ ಅನಸುಬಾಯಿ ಹೊರಸಿನ ಮೇಲೆ ಕುಳಿತು ಎಲ್ಲ ನೋಡಿದಳು. ಮಗ ಹುಟ್ಟಿದಾಗಲೂ ಇಷ್ಟು ತಯಾರಿ ಮಾಡಿರಲಿಲ್ಲ ಅಂದಳು.

ಎಂಟು ದಿನ ಸುಸೂತ್ರವಾಗಿ ನಡೆಯಿತು. ಅಪ್ಪ ಬೆಳಿಗ್ಗೆ ಏಳಕ್ಕೆ ಒಳಗೆ ಹೋಗಿ ಹಿಕ್ಕೆಯ ಬಣ್ಣ ಹೇಳುವರು, ನಾನು ಬರೆದುಕೊಳ್ಳುವೆ. ಒಳಗೆ ಯಾರು ಹೋದರು, ಯಾವಾಗ ಬಂದರು, ಎಲ್ಲ ಬರೆಯಬೇಕು ಎಂದು ಅವರೇ ಕಟ್ಟಪ್ಪಣೆ ಮಾಡಿದ್ದರು. ಹಾಗೇ ಬರೆಯುತ್ತಿದ್ದೆ.

ಒಂಬತ್ತನೇ ದಿನ ಎಂಟು ಗಂಟೆಗೆ ನೋಡಿದರೆ ಗೂಡಿನಲ್ಲಿ ಏಳು ಕೋಳಿ ಇದ್ದವು.

ಅಪ್ಪ ಮೂರು ಸಲ ಎಣಿಸಿದರು. ಅಜ್ಜಿಯನ್ನು ಎಬ್ಬಿಸಿ ಎಣಿಸಲು ಹಚ್ಚಿದರು. ಹೆಚ್ಚಾದದ್ದು ಯಾವುದೆಂದು ರಬ್ಬರ್ ಬ್ಯಾಂಡ್ ನೋಡಿ ಹೇಳೋಣವೆಂದರೆ ಮೂರು ಕೋಳಿಯ ಕಾಲು ಬರಿದಾಗಿತ್ತು. ಬ್ಯಾಂಡುಗಳನ್ನು ಒಂದರದ್ದೊಂದು ಕುಕ್ಕಿ ಹರಿದು ತಿಂದಿದ್ದವು. ಬರಿಗಾಲಿನ ಮೂರೂ ಕೆಂಪು. ಅಪ್ಪ ರಿಜಿಸ್ಟರ್ ಕೇಳಿದರು. ನನ್ನ ಬರಹದಲ್ಲಿ ಕೆಂಪು ಕೋಳಿಗಳಿಗೆಲ್ಲ ‘ಕೆಂಪು, ಎರಡು ಕಣ್ಣು, ಆರೋಗ್ಯವಂತ’ ಎಂದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಲಾಲಮ್ಮ ಬಂದಳು. ಬರುವಾಗಲೇ ಬಾಬಾಬಾ ಎಂದು ಕರೆಯುತ್ತ ಬಂದಳು, ಏಳೂ ಕೋಳಿ ಬಾಗಿಲ ಹತ್ತಿರ ಓಡಿದವು. ಲಾಲಮ್ಮ ಒಬ್ಬಂಟಿ. ತಗಡಿನ ಮಾಡಿನ ಒಂದೇ ಕೋಣೆಯ ಮನೆ, ಒಂದೇ ಕೋಳಿ. ಅದರ ಹೆಸರು ಚುಕ್ಕಿ. ಆ ಚುಕ್ಕಿ ಹದಿನೇಳು ದಿನದಿಂದ ಬುಟ್ಟಿಯಲ್ಲಿ ಹನ್ನೊಂದು ತತ್ತಿಯ ಮೇಲೆ ಕಾವಿಗೆ ಕುಳಿತಿತ್ತು. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು, ಮಣ್ಣಿನಲ್ಲಿ ಹೊರಳಾಡಿ, ತಿರುಗಿ ಬಂದು ಕೂಡುವುದು ಅದರ ರೂಢಿ. ಕಾವಿಗೆ ಕೂಡಿಸುವಾಗ ತತ್ತಿಗೆ ತೊಡರೀತು ಎಂದು ಕಾಲಿನ ಸೀರೆಯ ಚಿಂದಿಯನ್ನು ಲಾಲಮ್ಮನೇ ಬಿಚ್ಚಿದ್ದಳು. ಇವತ್ತು ಎದ್ದು ಹೋದದ್ದು ತಿರುಗಿ ಬಂದಿರಲಿಲ್ಲ.

ಆ ಹನ್ನೊಂದು ತತ್ತಿ ಬರಿಯ ತತ್ತಿ ಅಲ್ಲ ಎಂಬುದು ಓಣಿಗೆಲ್ಲ ಗೊತ್ತು. ಲಾಲಮ್ಮನ ಮಗಳು ಸುಶ್ಮಿತಾಳನ್ನು ಶಹಾಬಾದಿಗೆ ಕೊಟ್ಟಿದ್ದಾರೆ. ಅವಳಿಗೆ ಈಗ ಮೂರು ತಿಂಗಳು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು, ಬಾಣಂತಿಗೆ ಜವಾರಿ ಕೋಳಿಯ ಸಾರು ತಪ್ಪಬಾರದು. ಈಗ ಮರಿ ಆದರೆ ಆಗ ಕೋಳಿ ಆಗುತ್ತವೆ. ಲಾಲಮ್ಮ ಮೊದಲು ಸುದ್ದಿ ಕೇಳಿದ ದಿನವೇ ಬೆರಳು ಮಡಿಚಿ ತಿಂಗಳು ನೋಡಿಕೊಂಡು, ಓಣಿಯ ನಾಲ್ಕು ಮನೆ ತಿರುಗಿ ತತ್ತಿ ಕೂಡಿಸಿದ್ದಳು. ಬೀಗರ ಮುಂದೆ ಒಂದು ಹೆಣ್ಣುಮಗಳು ತಲೆ ಎತ್ತಿ ಬಾಣಂತನ ಮಾಡುವುದು ಆ ಬುಟ್ಟಿಯಲ್ಲಿತ್ತು.

ಯಾವುದು ಚುಕ್ಕಿ ಎಂದು ತೋರಿಸಲು ಅಜ್ಜಿಗೆ ರಿಜಿಸ್ಟರ್ ಬೇಕಾಗಲಿಲ್ಲ. ಗೂಡಿನೊಳಗೆ ಕೈ ಹಾಕಿ ಒಂದು ಕೆಂಪು ಕೋಳಿ ಎತ್ತಿ ಮಗುಚಿದಳು. ಹೊಟ್ಟೆಯ ಕೆಳಗೆ ಪುಕ್ಕವೇ ಇರಲಿಲ್ಲ, ಬರಿಯ ಬೆಚ್ಚಗಿನ ಚರ್ಮ. ಕಾವಿಗೆ ಕುಳಿತ ಕೋಳಿ ಹೀಗೇ ಇರುತ್ತದೆ. ಇದೇ ಎಂದು ಹೇಳಿ ಲಾಲಮ್ಮನ ಕೈಗೆ ಕೊಡಹೋದಳು.

ಅಪ್ಪ ನಡುವೆ ಕೈ ಅಡ್ಡ ಹಿಡಿದರು.

ಆಮೇಲೆ ಆದ ವಾದವನ್ನು ನಾನು ಪೂರ್ತಿ ಬರೆದುಕೊಂಡಿದ್ದೇನೆ, ಆದರೆ ಇಲ್ಲಿ ಸಾರಾಂಶ ಸಾಕು. ಚುಕ್ಕಿ ಯಾರ ಕೋಳಿ ಎಂಬ ಬಗ್ಗೆ ಅಪ್ಪನಿಗೆ ತಕರಾರು ಇರಲಿಲ್ಲ. ಆದರೆ ಅದು ಹೊಸ ಕೋಳಿಗಳ ಜೊತೆ ಕಲೆತಿದೆ. ಪ್ರಥಮ ಸಂಪರ್ಕ. ಹೊರಗೆ ಬಿಟ್ಟರೆ ಓಣಿಯ ಕೋಳಿಗಳಿಗೆಲ್ಲ ಅಪಾಯ. ಇವತ್ತಿನಿಂದ ಇಪ್ಪತ್ತೊಂದು ದಿನ ಒಳಗೇ ಇರಬೇಕು.

ಲಾಲಮ್ಮ ಕೂಗಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಪ್ಪನ ಎದುರು ಬಂದು ನಿಂತಳು.

“ಸಾಹೇಬ್ರ, ಪುಣಾದಿಂದ ಬಂದಾಗ ನನ್ನ ಬಾಗಲಿಗೆ ಈ ಕಾಗದಾ ಹಚ್ಚಿದ್ರಿ. ನಾ ಹದಿನಾಕು ದಿನ ಕುಂತೆ. ನೀರು ತರ್ತೀನಿ, ಪಲ್ಯಾ ತರ್ತೀನಿ ಅಂದ್ರಿ. ಒಂದು ಹೂಕೋಸು ತಂದ್ರಿ, ಅದರಾಗ ಹುಳಾ ಇತ್ತು. ಏನರ ಅಂದೆನಾ? ಇಲ್ಲ. ನಾ ಮನಷ್ಯಾಳು, ಕುಂತೆ. ತತ್ತಿ ಹ್ಯಾಂಗ ಕುಂದ್ರತಾವ್ರಿ?”

ಅಪ್ಪ ನಿಯಮ ಎಂದರು. ಹಾಗಾದರೆ ತತ್ತಿಗಳನ್ನೇ ಗೂಡಿಗೆ ತಂದಿಡೋಣ ಎಂದು ರಿಯಾಯಿತಿ ತೋರಿಸಿದರು. ಜಾಗ ಬದಲಾದರೆ ಕೋಳಿ ಕೂಡುವುದಿಲ್ಲ, ತತ್ತಿ ಬಿಟ್ಟು ಎದ್ದುಬಿಡುತ್ತದೆ ಎಂದು ಲಾಲಮ್ಮ ಅಂದಳು. ಅಜ್ಜಿಯೂ ಹೌದೆಂದಳು. ಅಷ್ಟರಲ್ಲಿ ಅಪ್ಪನಿಗೆ, ತತ್ತಿಯೂ ಹೊರಗಿನದೇ ಅಲ್ಲವೇ, ಅದನ್ನೂ ಇಪ್ಪತ್ತೊಂದು ದಿನ ಬೇರೆ ಇಡಬೇಕಾದೀತು ಎಂಬ ಹೊಸ ವಿಚಾರ ಹೊಳೆಯಿತು.

“ಹುಟ್ಟದ ಇದ್ದಿದ್ದಕ್ಕೂ ಕ್ವಾರಂಟೈನ್ ಏನ್ರಿ ದೇವಿಂದ್ರಪ್ಪ,” ಎಂದರು ಕರೀಮ್ ಚಾಚಾ. “ಗಾಡಿ ಇನ್ನೂ ತಯಾರೇ ಆಗಿಲ್ಲ, ನೀವು ರೆಡ್ ಸಿಗ್ನಲ್ ಕೊಡ್ಲಿಕತ್ತೀರಿ.”

ಎಲ್ಲರೂ ತತ್ತಿ ತಣ್ಣಗಾಗುತ್ತವೆ ಎಂದೇ ಹೆದರಿದ್ದರು. ಯಾರಿಗೋ ಗೋಡೆಯ ಮೇಲಿನ ನನ್ನ ಪದವಿಪತ್ರ ನೆನಪಾಗಿ, ಮೈತ್ರಿ ಓದ್ಯಾಳಲ್ಲ, ಅಕಿಗಿ ಕೇಳ್ರಿ ಎಂದರು. ಓಣಿ ನನ್ನ ಕಡೆ ತಿರುಗಿತು. ತತ್ತಿಗೆ ಮೂವತ್ತೇಳೂವರೆ, ಮೂವತ್ತೆಂಟು ಡಿಗ್ರಿ ಬೇಕು, ನಲವತ್ತೊಂದು ದಾಟಿದರೆ ಒಳಗಿನ ಮರಿ ಉಳಿಯುವುದಿಲ್ಲ ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಕೇಳಿಸಿತು, ಏಕೆಂದರೆ ನಾನು ಮಾತಾಡುತ್ತೇನೆ ಎಂಬ ಆಶ್ಚರ್ಯಕ್ಕೆ ಎಲ್ಲರೂ ಸುಮ್ಮನಾಗಿದ್ದರು.

ಅದು ಏಪ್ರಿಲ್ ತಿಂಗಳು. ಮಧ್ಯಾಹ್ನ ನೆರಳಿನಲ್ಲೇ ನಲವತ್ಮೂರು. ನಮ್ಮ ಸೇಡಂನಲ್ಲಿ ಏಪ್ರಿಲ್‌ನಲ್ಲಿ ತತ್ತಿ ತಣ್ಣಗಾಗುವುದು ಸಾಧ್ಯವೇ ಇಲ್ಲ. ಬೆಳಿಗ್ಗೆ ಹೇಗೋ ನಡೆದೀತು. ಹನ್ನೆರಡಕ್ಕೆ ಲಾಲಮ್ಮನ ತಗಡಿನ ಮಾಡು ಹೆಂಚಿನ ಹಾಗೆ ಕಾಯುತ್ತದೆ. ಕೋಳಿ ಮೇಲಿದ್ದರೆ ರೆಕ್ಕೆ ಅಗಲಿಸಿ ನೆರಳು ಮಾಡಿ, ತಿರುವಿ ಹಾಕಿ, ಹೇಗೋ ಕಾಪಾಡುತ್ತದೆ. ಕೋಳಿ ಇಲ್ಲದಿದ್ದರೆ ಬುಟ್ಟಿಯಲ್ಲೇ ಬೇಯುತ್ತವೆ. ಇದನ್ನೂ ಹೇಳಿದೆ. ಆಗ ಒಂಬತ್ತು ಮುಕ್ಕಾಲು.

ಕರೀಮ್ ಚಾಚಾ ನಮ್ಮ ಟ್ರಂಕಿನಿಂದ ಬಂದೂಕಿನ ಥರ್ಮಾಮೀಟರ್ ಇಸಿದುಕೊಂಡು ಲಾಲಮ್ಮನ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. ತತ್ತಿಯ ಮೇಲೆ ಹಸಿ ಗೋಣಿಚೀಲ ಹಾಸಿ, ಐದು ನಿಮಿಷಕ್ಕೊಮ್ಮೆ ಸರಿಸಿ, ಒಂದೊಂದು ತತ್ತಿಗೂ ಗುರಿ ಹಿಡಿದು, ಸ್ಟೇಷನ್ನಿನ ಧ್ವನಿಯಲ್ಲಿ ಸಾರುತ್ತಿದ್ದರು. ಮೂವತ್ತೇಳು ಪಾಯಿಂಟ್ ಎಂಟು. ಮೂವತ್ತೆಂಟು ಪಾಯಿಂಟ್ ಎರಡು. ಓಣಿ ಕೇಳಿ ಉಸಿರು ಬಿಡುತ್ತಿತ್ತು.

ಕೊನೆಗೆ ಅಪ್ಪನಿಗೆ ಪಾಠ ಹೇಳಿದ ಪಶು ಆಸ್ಪತ್ರೆಯ ಅಂಬರೇಶರಿಗೇ ಫೋನ್ ಮಾಡುವುದೆಂದಾಯಿತು. ಅವರು ಚಿತ್ತಾಪುರದಲ್ಲಿ ಎಮ್ಮೆಗಳಿಗೆ ಚುಚ್ಚುಮದ್ದಿನ ಕ್ಯಾಂಪಿನಲ್ಲಿದ್ದರು. ನಮ್ಮ ಓಣಿಯಲ್ಲಿ ಫೋನು ಎಲ್ಲಿದ್ದರೂ ರಿಂಗಾಗುತ್ತದೆ, ಮಾತಾಡುವಷ್ಟು ನೆಟ್‌ವರ್ಕ್ ಸಿಗುವುದು ಲಾಲಮ್ಮನ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು, ಸ್ಪೀಕರ್ ಹಾಕಿ, ಅಪ್ಪ ನಡೆದದ್ದನ್ನು ಪ್ರಥಮ ಸಂಪರ್ಕ, ದ್ವಿತೀಯ ಸಂಪರ್ಕ ಎಂದು ವಿಂಗಡಿಸಿ ವರದಿ ಒಪ್ಪಿಸಿದರು. ಆ ಕಡೆಯಿಂದ ಎಮ್ಮೆಯೊಂದು ಒದರಿತು. ಆಮೇಲೆ ಅಂಬರೇಶರು ಅದು ಒಳಗೆ ಹೋದದ್ದು ಹೇಗೆ ಎಂದು ಕೇಳಿದರು.

ಕೋಳಿಗಳ ಬುದ್ಧಿಯೇ ಹಾಗೆ, ಬಲೆ ಸರಿಸಿ ನುಗ್ಗಿರಬೇಕು ಎಂದರು ಅಪ್ಪ.

“ರಿಜಿಸ್ಟರ್ ಇಡ್ರಿ ಅಂದಿದ್ದೆನಲ್ಲ. ಅದ ಏನು? ಓದ್ರಿ ಅದನ್ನ,” ಎಂದಿತು ಫೋನು.

ಅಪ್ಪ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ರಿಜಿಸ್ಟರಿನಲ್ಲಿ ಏನಿದೆ ಎಂದು ಅವರು ಒಂದು ದಿನವೂ ತೆಗೆದು ನೋಡಿರಲಿಲ್ಲ. ನಾನು ಪುಟ ತೆಗೆದೆ. ಬುಟ್ಟಿಯ ಕಡೆಯಿಂದ ಮೂವತ್ತೊಂಬತ್ತು ಪಾಯಿಂಟ್ ಒಂದು ಎಂಬ ಸಾರಣೆ ಬಂತು. ಓದಿದೆ.

“ಒಂಬತ್ತನೇ ದಿನ. ಏಳು ಹತ್ತಕ್ಕೆ ಅಪ್ಪ ಗೂಡಿನೊಳಗೆ. ಫೋನ್ ಬಂತು. ಚಿಲಕ ಹಾಕಲಿಲ್ಲ. ಒಳಗಿನ ಚಪ್ಪಲಿ ಬಿಡಲಿಲ್ಲ. ಲಾಲಮ್ಮನ ಕಟ್ಟೆಗೆ ಹೋಗಿ ಮಾತಾಡಿದರು. ಏಳು ಇಪ್ಪತ್ತೈದಕ್ಕೆ ವಾಪಸ್.”

ಎಂಟನೇ ದಿನದ್ದೂ ಓದಿ ಎಂದಿತು ಫೋನು. ಓದಿದೆ. ಏಳು ಐದಕ್ಕೆ ಒಳಗೆ, ಫೋನು, ಒಳಗಿನ ಚಪ್ಪಲಿ, ಲಾಲಮ್ಮನ ಕಟ್ಟೆ. ಏಳನೇ ದಿನವೂ ಹಾಗೇ. ನಾಲ್ಕನೇ ದಿನ ಕಟ್ಟೆಯ ಮೇಲೆ ಚಪ್ಪಲಿ ಬಡಿದು ಹಿಕ್ಕೆ ಉದುರಿಸಿದರು ಎಂದೂ ಬರೆದಿದ್ದೆ. ಅಪ್ಪ ಒಂದು ಸಲ ಕೆಮ್ಮಿದರು. ನಾನು ಬರೆದದ್ದು ನಿಜವಾದರೂ ನೆಲ ಬಿರಿದು ನನ್ನನ್ನು ನುಂಗಿದ್ದರೆ ಆಗ ಆಕ್ಷೇಪಣೆ ಮಾಡುತ್ತಿರಲಿಲ್ಲ.

“ಅಲ್ಲ ಸರ್,” ಎಂದರು ಅಂಬರೇಶರು, ಎಮ್ಮೆ ಸುಮ್ಮನಾದ ಮೇಲೆ. “ಕೋಳಿಗಿಂತಾ ನಮ್ಮ ಚಪ್ಪಲಿನೇ ಹೆಚ್ಚು ರೋಗ ಒಯ್ತದ ಅಂತ ಅವತ್ತು ಅರ್ಧಾ ತಾಸು ಹೇಳಿದೆನಲ್ರಿ? ಒಂಬತ್ತು ದಿನದಿಂದ ನೀವೇ ಗೂಡಿನಿಂದ ಅವರ ಮನಿಗೆ ಹೊತ್ತೀರಿ. ಹಂಗಾದ್ರ ಅವರ ಕೋಳಿ ನಿಮ್ಮ ಕೋಳಿ ಬ್ಯಾರೆ ಎಲ್ಲಿ ಉಳದ್ವು? ಎರಡೂ ಮನಿ ಒಂದೇ…”

ಫೋನು ಕಡಿದುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ತಲೆ ತಗ್ಗಿಸಿ ಕೋಳಿ ಬಿಟ್ಟುಬಿಡುತ್ತಿದ್ದರು. ಅಪ್ಪ ಎರಡು ನಿಮಿಷ ಆಕಾಶ ನೋಡಿದರು. ಆಮೇಲೆ ಅವರ ಮುಖ, ಆ ಕೊರೊನಾ ವರ್ಷದಲ್ಲಿ ಇದ್ದಂತೆ, ನಿಧಾನವಾಗಿ ಅರಳಿತು. ಎರಡೂ ಮನಿ ಒಂದೇ ಝೋನ್ ಎಂದು ಡಾಕ್ಟರು ಹೇಳುವವರಿದ್ದರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು, ಎಂದು ಸಾರಿದರು. ಅಂದರೆ ಲಾಲಮ್ಮನ ಮನೆ ಈಗ ಕ್ವಾರಂಟೈನಿನ ಒಳಗೇ ಇದೆ. ಚುಕ್ಕಿ ತನ್ನ ಮನೆಗೆ ಹೋದರೂ ಹೊರಗೆ ಹೋದ ಹಾಗೆ ಆಗುವುದಿಲ್ಲ. ನಿಯಮ ನಿಯಮದ ಜಾಗದಲ್ಲೇ ಉಳಿಯುತ್ತದೆ. ಗೆರೆ ಒಂದನ್ನು ದೊಡ್ಡದು ಮಾಡಿದರೆ ಸಾಕು.

“ಏನರ ಮಾಡ್ಕೋರಿ, ನನ್ನ ಕೋಳಿ ಕೊಡ್ರಿ,” ಎಂದಳು ಲಾಲಮ್ಮ.

ಗೆರೆ ಆದ ಮೇಲೆ, ಎಂದರು ಅಪ್ಪ.

ಹತ್ತೂ ಮುಕ್ಕಾಲಿಗೆ ಗೆರೆ ಎಳೆಯುವ ಕೆಲಸ ಸುರುವಾಯಿತು. ನಮ್ಮ ಹಿತ್ತಲಿನಿಂದ ಹೊರಟು, ಬಚ್ಚಲ ಸುತ್ತಿ, ಬೇವಿನ ಮರ ಬಳಸಿ, ಲಾಲಮ್ಮನ ಮನೆಯನ್ನು ಒಳಗೆ ಹಾಕಿಕೊಂಡು ತಿರುಗಿ ಬರಬೇಕು. ಚಾಚಾನ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ಒಳಗೆ, ಮುಂದಿನದು ಹೊರಗೆ ಬಂತು. ಅದರ ಬಗ್ಗೆ ಐದು ನಿಮಿಷ ಚರ್ಚೆ ನಡೆಯಿತು. ಲಾಲಮ್ಮನ ಕಟ್ಟೆಗೆ ಹದಿನೈದು ಹೆಜ್ಜೆ ಇರುವಾಗ ಸುಣ್ಣ ಮುಗಿಯಿತು.

ಬುಟ್ಟಿಯ ಕಡೆಯಿಂದ ನಲವತ್ತು ಎಂಬ ಸಾರಣೆ ಬಂತು. ಈ ಸಲ ಪಾಯಿಂಟ್ ಇರಲಿಲ್ಲ.

ಅಂಗಡಿ ದೂರ. ಬೂದಿ ತರೋಣವೆಂದರೆ ಓಣಿಯಲ್ಲಿ ಎಲ್ಲರದ್ದೂ ಗ್ಯಾಸಿನ ಒಲೆ. ಅಜ್ಜಿ ಒಳಗೆ ಹೋಗಿ ಒಂದು ಮೊರ ಜೋಳದ ಹಿಟ್ಟು ತಂದು ಮಗನ ಮುಂದೆ ಇಟ್ಟಳು. ಇವತ್ತಿನ ರೊಟ್ಟಿ ಇದು, ಗೆರೆ ತಿಂದೇ ಮಲಗು ಅಂದಳು. ಅಪ್ಪ ಹಿಟ್ಟಿನಿಂದ ಗೆರೆ ಮುಗಿಸಿದರು. ನೇರವಾಗಿ, ಅಂದವಾಗಿ ಬಂದಿತ್ತು. ಎದ್ದು ನಿಂತು ಒಮ್ಮೆ ನೋಡಿ, ಗೂಡಿನ ಬಾಗಿಲು ತೆಗೆದು ಚುಕ್ಕಿ ಒಂದನ್ನೇ ಹೊರಗೆ ಬಿಟ್ಟರು. ಲಾಲಮ್ಮ ಎತ್ತಿಕೊಂಡು ಓಡಲು ಕೈ ಚಾಚಿದಳು. ಮನುಷ್ಯರ ಕೈ ತಾಗಬಾರದು, ನಡೆದೇ ಹೋಗಲಿ ಎಂದರು ಅಪ್ಪ.

ಚುಕ್ಕಿ ನಡೆಯಿತು. ರಾಣಿಯ ಹಾಗೆ ಕತ್ತು ಎತ್ತಿ ಇಪ್ಪತ್ತು ಹೆಜ್ಜೆ ಸರಿಯಾಗಿಯೇ ಹೋಯಿತು. ಸುಣ್ಣ ಮುಗಿದು ಹಿಟ್ಟು ಸುರುವಾಗುವಲ್ಲಿ ನಿಂತಿತು. ಕಣ್ಣು ಓರೆ ಮಾಡಿ ನೋಡಿತು. ಆಮೇಲೆ ಗೆರೆ ತಿನ್ನಲು ಸುರು ಮಾಡಿತು.

ಹದಿನೇಳು ದಿನ ಅರೆಹೊಟ್ಟೆಯಲ್ಲಿ ಕುಳಿತ ಕೋಳಿ ಅದು. ಯಾರ ಅವಸರವೂ ಅದಕ್ಕೆ ತಾಗಲಿಲ್ಲ. ಲಾಲಮ್ಮ ಕೈ ಮುಗಿದಳು. ನಡಿ ನನ್ನವ್ವ ನಡಿ ಎಂದು ಅಂಗಲಾಚಿದಳು. ಅಪ್ಪ ಅದರ ಹಿಂದಿಂದೆ ಮೊಣಕಾಲ ಮೇಲೆ ತೆವಳುತ್ತ, ತಿಂದು ಮುಗಿಸಿದಲ್ಲಿ ಹೊಸ ಹಿಟ್ಟು ಉದುರಿಸಿ ಗೆರೆ ಸರಿ ಮಾ‌ಡುತ್ತಿದ್ದರು. ಗೆರೆ ಸರಿಯಾದಷ್ಟೂ ಕೋಳಿ ತಿರುಗಿ ಬಂದು ತಿನ್ನುತ್ತಿತ್ತು. ಇದು ಎಷ್ಟು ಹೊತ್ತು ನಡೆಯುತ್ತಿತ್ತೋ ಗೊತ್ತಿಲ್ಲ. ಅಷ್ಟರಲ್ಲಿ ಬುಟ್ಟಿಯ ಕಡೆಯಿಂದ ಅಂಕಿ ಬರುವುದು ನಿಂತು, ಥರ್ಮಾಮೀಟರು ಕೆಂಪು ದೀಪ ಹಚ್ಚಿ ಕುಂಯ್ ಎಂದಿತು.

ಅದೇನು ಎಂದು ಅಪ್ಪ ಕೇಳಿದರು. ಜ್ವರ ನಲವತ್ತು ದಾಟಿದರೆ ಅದು ಅಂಕಿ ಬಿಟ್ಟು ಹಾಗೆ ಕೂಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಲಾಲಮ್ಮ ನೆಲದ ಮೇಲೆ ಕುಳಿತುಬಿಟ್ಟಳು.

ಅಪ್ಪ ಹಿಟ್ಟಿನ ಮೊರ ಬಿಸಾಕಿದರು. ಗೆರೆ, ಚಪ್ಪಲಿ, ಪ್ರಥಮ ಸಂಪರ್ಕ, ಎಲ್ಲ ಮರೆತು ಕೋಳಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡು ಓಡಿದರು. ಕಟ್ಟೆಗೆ ಎಡವಿದರು. ಬಾಗಿಲಿಗೆ ತಲೆ ಬಡಿದುಕೊಂಡರು. ಚಾಚಾ ಕುರ್ಚಿ ಸಮೇತ ಪಕ್ಕಕ್ಕೆ ಉರುಳಿ ದಾರಿ ಬಿಟ್ಟರು. ಅಪ್ಪ ಗೋಣಿ ಎಳೆದು ಕೋಳಿಯನ್ನು ಬುಟ್ಟಿಯಲ್ಲಿ ಇಳಿಸಿದರು. ಚುಕ್ಕಿ ಒಂದು ಸುತ್ತು ತಿರುಗಿ, ಕೊಕ್ಕಿನಿಂದ ಎರಡು ತತ್ತಿ ಸರಿಸಿ, ಅಪ್ಪನ ಬೆರಳನ್ನು ರಕ್ತ ಬರುವಂತೆ ಕುಕ್ಕಿ, ರೆಕ್ಕೆ ಅಗಲಿಸಿ ಕುಳಿತಿತು. ಆಗ ಹನ್ನೊಂದೂವರೆ.

ಅಪ್ಪ ಹೊರಗೆ ಬರಲಿಲ್ಲ. ಗೋಣಿಚೀಲವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ ಬುಟ್ಟಿಯ ಸುತ್ತ ಕಟ್ಟಿದರು. ಏಣಿ ಹಾಕಿ ತಗಡಿನ ಮೇಲೆ ಹತ್ತಿ ನಮ್ಮ ಹಾಸಿಗೆಯ ಹಳೇ ಕೌದಿ ಹಾಸಿ ನೀರು ಸುರುವಿದರು. ಲಾಲಮ್ಮ ಕೊಡ ತುಂಬಿ ಕೊಡುವುದು, ಅಪ್ಪ ಮೇಲೆ ಹೊರುವುದು. ಸಾಯಂಕಾಲದ ತನಕ ಅದೇ ನಡೆಯಿತು. ಆ ನಾಲ್ಕು ದಿನ ನೀರಿನ ಬಿಲ್ಲುಗಳು ನಮ್ಮ ಜಗುಲಿಯಲ್ಲೇ ಇದ್ದವು. ಸೇಡಂನಲ್ಲಿ ಅದಕ್ಕಾಗಿ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ತತ್ತಿ ಉಳಿದಿವೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಲಾಲಮ್ಮ ಮಾತ್ರ ಕೇಳಲಿಲ್ಲ. ಶಹಾಬಾದಿನಿಂದ ಮಗಳ ಫೋನು ಬಂದಾಗಲೆಲ್ಲ ಕಟ್ಟೆಗೆ ಹೋಗಿ ಮಾತಾಡಿ ಬರುತ್ತಿದ್ದಳು. ಕೋಳಿಯ ಸುದ್ದಿ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದಳು.

ಚುಕ್ಕಿ ಕಾವಿಗೆ ಕುಳಿತ ಇಪ್ಪತ್ತೊಂದನೇ ದಿನ ಬೆಳಿಗ್ಗೆ ಲಾಲಮ್ಮ ನಮ್ಮ ಹಿತ್ತಲಿಗೆ ಬಂದು ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ಬುಟ್ಟಿಯೊಳಗಿನಿಂದ ಸಣ್ಣ ಸದ್ದು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮರಿ ಆದವು. ಎರಡು ತತ್ತಿ ಒಡೆಯಲಿಲ್ಲ. ಹನ್ನೊಂದಕ್ಕೆ ಒಂಬತ್ತು ಅಂದರೆ ಕೋಳಿ ಒಂದು ಗಳಿಗೆಯೂ ಏಳದೆ ಕುಳಿತರೂ ಇಷ್ಟೇ ಎಂದಳು ಅಜ್ಜಿ. ಲಾಲಮ್ಮ ಒಂದು ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮಗಳಿಗೆ ಫೋನ್ ಹಚ್ಚಿ, ಮಾತಾಡದೆ, ಮರಿಯ ಸದ್ದನ್ನೇ ಕೇಳಿಸಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಾಣಂತನಕ್ಕ ಈ ಕಡಿನೇ ಬಾ, ನಿಮ್ಮ ಅತ್ತಿಗೂ ಹೇಳು, ಎಂದಳು.

ಸುದ್ದಿ ಕೇಳಿ ಅಪ್ಪ ರಿಜಿಸ್ಟರ್ ಹಿಡಿದುಕೊಂಡು ತಾವೇ ಬಂದರು. ಬೆರಳಿಗೆ ಪಟ್ಟಿ ಇತ್ತು, ಹಣೆಯಲ್ಲಿ ಬಾಗಿಲು ಬಡಿದ ಊತ ಇತ್ತು. ಒಂಬತ್ತನ್ನೂ ಗುರುತಿಸಬೇಕು, ಬಣ್ಣ ನೋಡಬೇಕು ಎಂದು ಹೊಸ್ತಿಲಿಗೆ ಕಾಲಿಟ್ಟರು. ಲಾಲಮ್ಮ ಒಳಗಿನಿಂದ ಅಂಗೈ ತೋರಿಸಿ ತಡೆದಳು.

“ಅಲ್ಲೇ ನಿಂದರ್ರಿ ಸಾಹೇಬ್ರ. ಹೊಸಾ ಕೋಳಿ ಮುಟ್ಟಿದವರು ಮರಿ ಹತ್ರ ಬರಬಾರದು. ನಿಮ್ಮ ಗೂಡಿನ ಕೋಳಿಗಿ ಇನ್ನಾ ಎಂಟು ದಿನ ಅದ. ಕಾಲು ತೊಳ್ಕೋರಿ, ಚಪ್ಪಲಿ ಬ್ಯಾರೆ ಹಾಕ್ಕೋರಿ, ಎಂಟು ದಿನ ಬಿಟ್ಟು ಬರ್ರಿ. ಮೂರು ಹೆಜ್ಜಿ ಹಿಂದ ಸರೀರಿ.”

ಓಣಿ ನಗಲು ತಯಾರಾಗಿ ನಿಂತಿತು. ಅಪ್ಪನಿಗೆ ಸಿಟ್ಟು ಬರುತ್ತದೆ ಎಂದು ನಾನು ಗೋಡೆಗೆ ಒತ್ತಿಕೊಂಡೆ. ಅಪ್ಪ ಲಾಲಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಪ್ರಮಾಣಪತ್ರ ಬಂದ ದಿನವೂ ಅಷ್ಟು ಸಂತೋಷ ಇರಲಿಲ್ಲ.

“ನೋಡಿದಿ ಏನು ಮೈತ್ರಿ,” ಎಂದರು ಮೆಲ್ಲಗೆ. “ಲಾಲಮ್ಮ ಒಬ್ಬಾಕಿ ಎಲ್ಲಾ ಕೇಳಿಸ್ಕೊಂಡಾಳ.”

ಹಾಗೆಂದು ಹಿಂದೆ ಸರಿದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಚರಂಡಿ ಇತ್ತು. ಅಂಚಿನಲ್ಲಿ ನಿಂತು, ಎರಡೇ ಸಾಕಾಗುವುದಿಲ್ಲವೇ ಎಂದು ಕೇಳಿದರು. ಲಾಲಮ್ಮ ಸಾಕಾಗುವುದಿಲ್ಲ ಎಂದಳು. ಅಪ್ಪ ಪ್ಯಾಂಟು ಮೇಲೆತ್ತಿಕೊಂಡು ಚರಂಡಿ ದಾಟಿ ಆ ಕಡೆ ಬಿಸಿಲಿನಲ್ಲಿ ನಿಂತರು.